ಮುಚ್ಚಳವಿಲ್ಲದ ಗಣಕ

ಕಳೆದ ದಸರೆಯ ರಜೆಯಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಹಸಿರು ಹಲಗೆ ಬಂದು ಕುಳಿತಿತು. ಉದ್ದ ೮೫ ಮಿಲಿಮೀಟರ್, ಅಗಲ ೫೬ ಮಿಲಿಮೀಟರ್. ಇಸ್ಪೀಟಿನ ಎಲೆಗಿಂತ ತುಸು ಚಿಕ್ಕದು. ಎಂಟನೆಯ ತರಗತಿಯಲ್ಲಿರುವ ನಮ್ಮ ಮಗಳು ಹಟ ಹಿಡಿದು ತರಿಸಿಕೊಂಡ ಗಣಕಯಂತ್ರ ಅದು. ಹೆಸರು ರಾಸ್ಪ್‌ಬೆರಿ ಪೈ. ಕಲಬುರಗಿಯಿಂದ ಬಂದು ನಮ್ಮೊಡನಿರುವ ತಾಯಿಯವರು ಅದನ್ನು ಕನ್ನಡಕದ ಹತ್ತಿರ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, "ಇದರ ಮುಚ್ಚಳ ಎಲ್ಲದನೋ? ಧೂಳು ಕೂಡಂಗಿಲ್ಲೇನು?" ಎಂದು ಕೇಳಿದರು. ಪೈ ಎಂಬ ಹೆಸರು ಅವರಿಗೆ ನಗು ತರಿಸಿತು. ನಿಜಾಮರ ಹಾಲಿ ಸಿಕ್ಕಾದ ಪೈ ಕಾಸುಗಳನ್ನು ಅವರ ತಾಯಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದು ಅವರಿಗೆ ನೆನಪು. "ಆ ಪೈಗೆ ಏನೂ ಬರ್ತಿರಲಿಲ್ಲ. ಈ ಪೈಗೆ ಎಷ್ಟು ಕೊಟ್ಟಿ?" ಎಂದರು. ಬೆಲೆಯ ಮಾತನ್ನು ನಾವು ಹಾರಿಸಿಬಿಟ್ಟೆವು.

ಮುಚ್ಚಳದ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ನಾವು ದುಡಿಯುವ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗಣಕವಿಲ್ಲದ ಮೇಜಿಲ್ಲ. ಆದರೆ ಅವುಗಳಲ್ಲಿ ಒಂದರ ಹೊಟ್ಟೆಯೊಳಗೆ ಏನಿದೆಯೆಂದು ನೋಡಿದ ಗುಮಾಸ್ತರು ನಮ್ಮಲ್ಲಿ ಯಾರೂ ಇಲ್ಲ. ನೋಡುವಂತೆಯೂ ಇಲ್ಲ, ತಿರುಪಿನ ಮೇಲೆ ದುರಸ್ತಿ ಗುತ್ತಿಗೆದಾರರು ಚೀಟಿ ಅಂಟಿಸಿರುತ್ತಾರೆ. ಮನುಷ್ಯನಿಗೂ ಗಣಕಕ್ಕೂ ನಡುವೆ ಈ ಮುಚ್ಚಳ ಬಂದದ್ದು ಯಾವಾಗ, ಅದನ್ನು ಮತ್ತೆ ತೆಗೆದವರು ಯಾರು ಎಂದು ವಿಚಾರಿಸುತ್ತ ಹೋದಾಗ ನಮಗೇ ಆಶ್ಚರ್ಯವಾಯಿತು. ಈ ಕಥೆಯಲ್ಲಿ ದೊಡ್ಡದೊಂದು ಪಾಲು ನಾವೆಲ್ಲ ಹೊಟ್ಟೆಪಾಡಿಗೆ ಬಂದು ನೆಲೆಸಿರುವ ಈ ಹೈದರಾಬಾದಿನಲ್ಲೇ ನಡೆದಿದೆ. ಇಸಿಐಎಲ್ ಎಂದು ಫಲಕ ಹಾಕಿಕೊಂಡು ಓಡುವ ಸಿಟಿ ಬಸ್ಸನ್ನು ನಮ್ಮಲ್ಲಿ ಹತ್ತದವರು ಕಡಿಮೆ. ಆ ಅಕ್ಷರಗಳ ಹಿಂದೆ ಏನಿದೆಯೆಂದು ಕೇಳಿಕೊಂಡವರು ಇನ್ನೂ ಕಡಿಮೆ.

ಅಲ್ಲಿಂದಲೇ ತೊಡಗೋಣ. ೧೯೬೨ರ ಚೀನಾ ಯುದ್ಧದಲ್ಲಿ ಆದ ಅಪಮಾನದ ನಂತರ ದೇಶದ ವಿದ್ಯುನ್ಮಾನ ಉದ್ಯಮದ ಸ್ಥಿತಿಯನ್ನು ಪರಿಶೀಲಿಸಲು ಸರ್ಕಾರವು ೧೯೬೩ರಲ್ಲಿ ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ವರದಿ ಹೊರಬಂದ ವರ್ಷವೇ, ೧೯೬೬ರ ಜನವರಿಯಲ್ಲಿ, ಭಾಭಾ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ವಿದ್ಯುನ್ಮಾನ ಉಪಕರಣಗಳಲ್ಲಿ ನಾವು ನಮ್ಮ ಕಾಲ ಮೇಲೆ ನಿಲ್ಲಬೇಕು ಎಂಬುದು ಆ ವರದಿಯ ತಿರುಳು. ಅದರ ಬೆನ್ನಿಗೇ ೧೯೬೭ರ ಏಪ್ರಿಲ್ ೧೧ರಂದು ಅಣುಶಕ್ತಿ ಇಲಾಖೆಯ ಅಧೀನದಲ್ಲಿ ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಹುಟ್ಟಿತು. ಅದನ್ನು ಕಟ್ಟಿ ನಿಲ್ಲಿಸಿದವರು ಪಶ್ಚಿಮ ಗೋದಾವರಿ ಜಿಲ್ಲೆಯ ಮೋಗಲ್ಲು ಗ್ರಾಮದ ಡಾ. ಅಯ್ಯಗಾರಿ ಸಾಂಬಶಿವ ರಾವ್. ನಮ್ಮ ಹಲವು ಕುಟುಂಬಗಳು ಬಾಡಿಗೆ ಮನೆ ಹುಡುಕಿಕೊಂಡು ಅಲೆದಾಡಿದ ಎ. ಎಸ್. ರಾವ್ ನಗರಕ್ಕೆ ಹೆಸರು ಬಂದದ್ದು ಅವರಿಂದಲೇ.

ಇದಕ್ಕೆ ಮೊದಲು ನಮ್ಮ ದೇಶದಲ್ಲಿ ಗಣಕ ಕಟ್ಟಿದವರೇ ಇರಲಿಲ್ಲವೆಂದಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಟಿಫ್ರಾಕ್ ೧೯೬೦ರಲ್ಲಿ ಕೆಲಸಕ್ಕೆ ತೊಡಗಿತ್ತು. ೧೯೬೨ರಲ್ಲಿ ನೆಹರೂ ಅವರು ಅದಕ್ಕೆ ನಾಮಕರಣ ಮಾಡಿದರು. ೨,೭೦೦ ನಿರ್ವಾತ ನಳಿಕೆಗಳು ಉರಿಯುವ ಯಂತ್ರ ಅದು. ಆ ಕಾಲದಲ್ಲಿ ಗಣಕಕ್ಕೆ ಮುಚ್ಚಳವೆಂಬ ಮಾತೇ ಹೊಂದುವುದಿಲ್ಲ. ಕಟ್ಟಿದವರೇ ನಡೆಸುತ್ತಿದ್ದರು, ಕೆಟ್ಟರೆ ಅವರೇ ಒಳಹೊಕ್ಕು ಸರಿಪಡಿಸುತ್ತಿದ್ದರು.

ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ರೂಪುಗೊಂಡು ಇಸಿಐಎಲ್‌ನ ಕೈಗೆ ಬಂದ ಟಿಡಿಸಿ-೧೨ ೧೯೬೯ರದು. ಟ್ರಾಂಬೆ ಡಿಜಿಟಲ್ ಕಂಪ್ಯೂಟರ್ ಎಂಬುದರ ಹ್ರಸ್ವರೂಪ ಟಿಡಿಸಿ. ೧೨ ಎಂಬುದು ಅದು ಒಮ್ಮೆಗೆ ಹಿಡಿಯುವ ಬಿಟ್ಟುಗಳ ಲೆಕ್ಕ. ಆ ಕಾಲದ ಗಣಕಗಳ ಸ್ಮರಣೆ ಹೇಗಿರುತ್ತಿತ್ತು ಎಂಬುದನ್ನು ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ. ಸಾಸಿವೆ ಕಾಳಿನಂಥ ಕಾಂತಕ ಉಂಗುರಗಳನ್ನು ಕೂದಲೆಳೆಯಂಥ ತಂತಿಗಳಲ್ಲಿ ಅಡ್ಡಡ್ಡ ಉದ್ದುದ್ದ ಪೋಣಿಸಿ ಜಾಲಂದ್ರದಂಥ ಚೌಕಟ್ಟು ಮಾಡುತ್ತಿದ್ದರು. ಒಂದು ಉಂಗುರ ಬಲಕ್ಕೆ ಕಾಂತೀಕರಣಗೊಂಡರೆ ಒಂದು, ಎಡಕ್ಕೆ ಗೊಂಡರೆ ಸೊನ್ನೆ. ಹನ್ನೆರಡು ಬಿಟ್ಟಿನ ೪,೦೯೬ ಪದಗಳು ಬೇಕೆಂದರೆ ೪೯,೧೫೨ ಉಂಗುರ ಪೋಣಿಸಬೇಕು. ಮಲ್ಲಿಗೆ ಕಟ್ಟುವಷ್ಟೇ ತಾಳ್ಮೆಯ ಕೈಕೆಲಸ. ತಪ್ಪಿದರೆ ಮಾತ್ರ ಬಿಚ್ಚಿ ಮತ್ತೆ ಕಟ್ಟುವುದು ಸುಲಭವಲ್ಲ. ನಮ್ಮ ಮೇಜಿನ ಮೇಲಿನ ಹಲಗೆಯ ಮೊದಲ ತಲೆಮಾರಿನಲ್ಲಿ, ೨೦೧೨ರಲ್ಲಿ, ೨೫೬ ಮೆಗಾಬೈಟು ಸ್ಮರಣೆಯಿತ್ತು. ಉಂಗುರಗಳಲ್ಲಿ ಹೇಳುವುದಾದರೆ ಇನ್ನೂರ ಹದಿನಾಲ್ಕು ಕೋಟಿಗೂ ಮೇಲೆ.

ಟಿಡಿಸಿ-೧೨ರ ನಂತರ ೧೯೭೪ರಲ್ಲಿ ಟಿಡಿಸಿ-೩೧೨, ೧೯೭೫ರಲ್ಲಿ ಹದಿನಾರು ಬಿಟ್ಟಿನ ಟಿಡಿಸಿ-೩೧೬ ಬಂದವು. ೧೯೭೮ರಲ್ಲಿ ಬಂದ ಮೈಕ್ರೊ-೭೮ಕ್ಕೆ ಆಧಾರ ಮೈಕ್ರೊಪ್ರಾಸೆಸರ್. ನಮ್ಮಲ್ಲಿ ಗಣಕವೆಂದರೆ ಪರದೇಶದ ಸರಕು ಎಂದು ಎಲ್ಲರೂ ತಿಳಿದಿದ್ದ ದಿನಗಳಲ್ಲಿ, ಕಲ್ಲುಬಂಡೆಗಳ ನಡುವಿನ ಈ ಊರಿನಂಚಿನಲ್ಲಿ ನಮ್ಮವರೇ ಕೂತು ಅದನ್ನು ಮಾಡುತ್ತಿದ್ದರು ಎಂಬುದು ಸಣ್ಣ ಮಾತಲ್ಲ. ಬೆಲೆ ಹೆಚ್ಚು, ತಡವಾಗಿ ಬರುತ್ತವೆ ಎಂಬ ದೂರುಗಳು ಆಗಲೂ ಇದ್ದವು. ಅವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ದೂರುವವರು ಉಂಗುರ ಪೋಣಿಸಿ ನೋಡಿರಲಿಲ್ಲ.

ಇದೇ ಕಾರ್ಖಾನೆಯ ಇನ್ನೊಂದು ಕೆಲಸ ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-೬ ಉಪಗ್ರಹದ ಮೂಲಕ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ದೂರದರ್ಶನ ತೋರಿಸುವ ಸೈಟ್ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಕೋಳಿಗೂಡಿನ ಜಾಲರಿಯಂಥ ತಂತಿಬಲೆಯ ಮೂರು ಮೀಟರಿನ ದೊಡ್ಡ ಕೊಡೆ, ಅದರ ಕೆಳಗೆ ಶಾಲೆಯ ಜಗಲಿಯ ಮೇಲೊಂದು ಟೀವಿ. ಆ ಟೀವಿ ಪೆಟ್ಟಿಗೆಗಳನ್ನು ಮಾಡಿಕೊಟ್ಟದ್ದು ಇಸಿಐಎಲ್. ಅಷ್ಟೇ ಅಲ್ಲ, ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದೂ ಹೈದರಾಬಾದಿನ ಕೇಂದ್ರದಲ್ಲೇ. ನಮ್ಮ ತಾಯಿಯವರು ತಮ್ಮ ತವರೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕಂಬಳಿ ಹಾಸಿಕೊಂಡು ಆ ಟೀವಿ ನೋಡಿದ್ದಾರೆ. ಚಿತ್ರಕ್ಕಿಂತ ಆ ತಂತಿಬಲೆಯೇ ಅವರಿಗೆ ಹೆಚ್ಚು ನೆನಪು. ಮುಂದೆ ಇಸಿ ಟೀವಿ ಎಂಬ ಹೆಸರು ಊರೂರಿನ ಮನೆಗಳ ಪಡಸಾಲೆಗೆ ಬಂದದ್ದನ್ನು ನಮ್ಮ ವಾಚಕರಲ್ಲಿ ಹಿರಿಯರು ಮರೆತಿರಲಾರರು.

ಈಗ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಆವರಣದ ಒಂದು ಕೊಠಡಿಯಲ್ಲಿ ಗಣಕ, ಇನ್ನೊಂದು ಕೊಠಡಿಯಲ್ಲಿ ಮನೆಮನೆಯ ಟೀವಿ. ಟೀವಿ ಮನೆಗೆ ಬಂತು. ಗಣಕ ರಿಯಾಕ್ಟರು, ರಕ್ಷಣಾ ಸಂಸ್ಥೆ, ವಿಶ್ವವಿದ್ಯಾಲಯಗಳಲ್ಲೇ ಉಳಿಯಿತು. ಇಂಗ್ಲೆಂಡಿನಲ್ಲಿ ೧೯೮೧-೮೨ರ ಹೊತ್ತಿಗೆ ಹುಡುಗರು ಸಿಂಕ್ಲೇರ್ ಎಂಬ ಕೈಯಗಲದ ಯಂತ್ರವನ್ನು ಮನೆಯ ಟೀವಿಗೆ ಚುಚ್ಚಿ ಕೂರುತ್ತಿದ್ದರು. ಅದೇ ವಂಶದ ಸ್ಪೆಕ್ಟ್ರಮ್ ಯಂತ್ರವನ್ನು ಪುಣೆಯ ಡೆಸಿಬೆಲ್ಸ್ ಸಂಸ್ಥೆ ಪರವಾನಗಿ ಪಡೆದು ನಮ್ಮ ದೇಶದಲ್ಲಿ ಮಾರಿದ್ದು ಆ ದಶಕದ ಕೊನೆಯ ಭಾಗದಲ್ಲಿ. ಟೀವಿ ಮಾಡಬಲ್ಲವರಿಗೆ, ಗಣಕ ಮಾಡಬಲ್ಲವರಿಗೆ ಇವೆರಡನ್ನು ಒಂದು ತಂತಿಯಿಂದ ಜೋಡಿಸುವುದು ವಿದ್ಯೆಯ ಕೊರತೆಯಿಂದ ತಪ್ಪಲಿಲ್ಲ. ಬಿಡಿಭಾಗಗಳ ಆಮದಿಗೆ ಪರವಾನಗಿ, ಅದರ ಮೇಲೆ ಸುಂಕ, ಗಣಕವೆಂದರೆ ಯೋಜನಾ ವೆಚ್ಚದ ವಸ್ತು ಎಂಬ ಭಾವನೆ, ಇವೆಲ್ಲ ಸೇರಿ ತಪ್ಪಿಸಿದವು. ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನಮಗೆ ಅದು ಹೇಗಾಗುತ್ತದೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಮಕ್ಕಳ ಕೈಗೆ ಗಣಕ ಕೊಡಬೇಕೆಂಬ ಶೀರ್ಷಿಕೆಯಡಿ ಹಣ ಬೇಡುವ ಇಲಾಖೆಯೇ ಇಲ್ಲದಿದ್ದರೆ ಟಿಪ್ಪಣಿ ಬರೆಯುವವರು ಯಾರು?

ಮಕ್ಕಳಿಗಲ್ಲದಿದ್ದರೂ ವಿದ್ಯಾರ್ಥಿಗಳಿಗೆ ಬರಿಮೈಯ ಗಣಕ ಸಿಕ್ಕಿತು. ಅದು ಸಿಕ್ಕಿದ್ದು ಬೇರೊಂದು ದಾರಿಯಿಂದ. ೧೯೭೧ರಲ್ಲಿ ಇಂಟೆಲ್ ಕಂಪನಿ ೪೦೦೪ ಎಂಬ ಚಿಪ್ಪನ್ನು ಮಾರುಕಟ್ಟೆಗೆ ತಂದ ಮೇಲೆ ಗಣಕದ ಮೆದುಳು ಬೆರಳುಗುರಿನಷ್ಟಾಯಿತು. ಹಾಗಾದರೆ ಗಣಕವನ್ನೇ ಒಂದು ಹಲಗೆಯ ಮೇಲೆ ಕೂರಿಸಬಹುದಲ್ಲ! ೧೯೭೬ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿ ಎಂಬ ಕಂಪನಿ ಕಿಮ್-೧ ಎಂಬ ಹಲಗೆಯನ್ನು ೨೪೫ ಡಾಲರಿಗೆ ಮಾರಿತು. ಮೇಲೊಂದು ಪುಟ್ಟ ಗುಂಡಿಫಲಕ, ಆರು ಕೆಂಪು ಅಂಕೆಗಳು, ಸುಮಾರು ಒಂದು ಕಿಲೊಬೈಟು ಸ್ಮರಣೆ. ಪೆಟ್ಟಿಗೆ ಇಲ್ಲ, ಮುಚ್ಚಳ ಇಲ್ಲ. ಇಂದಿನ ಒಂಟಿಹಲಗೆ ಗಣಕಗಳ ಅಜ್ಜ ಅದೇ ಎನ್ನಬೇಕು. ಅದೇ ವರ್ಷ ಇಂಟೆಲ್‌ನ ೮೦೮೫ ಚಿಪ್ಪು ಬಂತು. ಅದನ್ನು ಕಲಿಸಲು ಇಂಟೆಲ್ ತಾನೇ ಮಾಡಿದ ಕಿಟ್ಟಿನ ಮಾದರಿಯಲ್ಲಿ ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್, ಮದರಾಸಿನ ವಿ ಮೈಕ್ರೊಸಿಸ್ಟಮ್ಸ್, ಮುಂಬಯಿಯ ಡೈನಾಲಾಗ್ ಮುಂತಾದ ಸಂಸ್ಥೆಗಳು ಕಿಟ್ಟುಗಳನ್ನು ಮಾಡಿ ದೇಶದ ಕಾಲೇಜುಗಳಿಗೆಲ್ಲ ತಲುಪಿಸಿದವು.

ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ನಮಗೆ ಕಲಬುರಗಿಯ ಪ್ರಯೋಗಶಾಲೆಯಲ್ಲಿ ಸಿಕ್ಕಿದ್ದು ಇಂಥದೇ ಒಂದು ೮೦೮೫ ಕಿಟ್ಟು. ನಾಲ್ವರಿಗೆ ಒಂದು. ಐದನ್ನೂ ಮೂರನ್ನೂ ಕೂಡಿಸಬೇಕೆಂದರೆ ಒತ್ತಬೇಕಾದದ್ದು ೩ಇ, ೦೫, ೦೬, ೦೩, ೮೦, ೭೬. ೩ಇ ಎಂದರೆ ಮುಂದೆ ಬರುವ ಸಂಖ್ಯೆಯನ್ನು 'ಎ' ಎಂಬ ಖಾನೆಗೆ ಹಾಕು; ೦೬ ಎಂದರೆ ಮುಂದಿನದನ್ನು 'ಬಿ' ಖಾನೆಗೆ; ೮೦ ಎಂದರೆ ಕೂಡು; ೭೬ ಎಂದರೆ ನಿಲ್ಲು. ಆಮೇಲೆ 'ಎ' ಖಾನೆಯನ್ನು ತೆರೆದು ನೋಡಿದರೆ ೦೮. ಬೆರಳು ಮಡಚಿ ಕ್ಷಣದಲ್ಲಿ ಹೇಳುವ ಲೆಕ್ಕಕ್ಕೆ ಹತ್ತು ನಿಮಿಷ! ಒಬ್ಬ ಪುಸ್ತಕ ನೋಡಿ ಓದುವುದು, ಒಬ್ಬ ಒತ್ತುವುದು, ಇಬ್ಬರು ತಪ್ಪು ಹಿಡಿಯುವುದು. ಕೊನೆಯ ಗುಂಡಿ ಒತ್ತುವ ಹೊತ್ತಿಗೆ ಕರೆಂಟು ಹೋದರೆ ಮೊದಲಿನಿಂದ. ಕಲಬುರಗಿಯ ಬೇಸಿಗೆಯಲ್ಲಿ ಅದು ಹೋಗದ ದಿನ ಕಡಿಮೆ. ಆದರೂ ಒಂದು ಮಾತು ನಿಜ. ಸಂಖ್ಯೆ ಯಾವ ಚಿಪ್ಪಿನಲ್ಲಿ ಕೂತಿದೆ, ಯಾವ ತಂತಿಯಲ್ಲಿ ಹರಿದು ಕೆಂಪು ಅಂಕೆಯಾಗಿ ಬೆಳಗುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲ ಗಣಕ ನಮ್ಮ ಜೀವನದಲ್ಲಿ ಅದೊಂದೇ ಆಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಬಂದದ್ದೆಲ್ಲ ಪೆಟ್ಟಿಗೆ.

ಪೆಟ್ಟಿಗೆ ಎಂದಾಗ ಹೈದರಾಬಾದಿನಲ್ಲೇ ಹುಟ್ಟಿದ ಇನ್ನೊಂದು ಪೆಟ್ಟಿಗೆಯ ಮಾತು ಇಲ್ಲಿ ಹೇಳಲೇಬೇಕು. ವಿದ್ಯುನ್ಮಾನ ಮತಯಂತ್ರದ ಆಲೋಚನೆ ಚುನಾವಣಾ ಆಯೋಗಕ್ಕೆ ಬಂದದ್ದು ೧೯೭೭ರಲ್ಲಿ. ಅದನ್ನು ರೂಪಿಸುವ ಕೆಲಸ ಇಸಿಐಎಲ್‌ಗೆ ಬಂತು. ೧೯೭೯ರಲ್ಲಿ ಮಾದರಿ ಸಿದ್ಧವಾಗಿ, ೧೯೮೦ರ ಆಗಸ್ಟ್ ೬ರಂದು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಮುಂದೆ ಪ್ರದರ್ಶನವಾಯಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಇದರ ತಯಾರಿಕೆಯಲ್ಲಿ ಜೊತೆಗೂಡಿತು. ೧೯೮೨ರ ಮೇ ತಿಂಗಳಲ್ಲಿ ಕೇರಳದ ಪರವೂರಿನ ೫೦ ಮತಗಟ್ಟೆಗಳಲ್ಲಿ ಮೊದಲ ಬಳಕೆ. ಕಾಯಿದೆಯಲ್ಲಿ ಅವಕಾಶವಿಲ್ಲವೆಂದು ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ೧೯೮೯ರಲ್ಲಿ ಕಾಯಿದೆಯ ತಿದ್ದುಪಡಿ ಜಾರಿಗೆ ಬಂತು. ಚುನಾವಣಾ ಕರ್ತವ್ಯಕ್ಕೆ ಹೋಗುವ ನಮ್ಮಂಥವರಿಗೆ ಈ ಯಂತ್ರ ಹಳೆಯ ನೆಂಟ. ಬೆಳಗಿನ ಜಾವ ಅಣಕು ಮತದಾನ, ಆಮೇಲೆ ಅಳಿಸುವುದು, ಕಾಗದದ ಮುದ್ರೆ, ದಾರ, ಚೀಟಿ, ಅರಗು. ಅರಗು ಕರಗಿಸುವಾಗ ಬೆರಳು ಸುಟ್ಟುಕೊಳ್ಳದ ಮತಗಟ್ಟೆ ಅಧಿಕಾರಿ ಇರಲಿಕ್ಕಿಲ್ಲ. ಯಾರೂ ಒಳಗೆ ಕೈಹಾಕಬಾರದು, ಒಳಗಿನ ಬರಹವನ್ನು ಒಮ್ಮೆ ಬರೆದ ಮೇಲೆ ಬದಲಿಸಲಾಗಬಾರದು ಎಂಬುದೇ ಆ ಯಂತ್ರದ ಧರ್ಮ. ಅಲ್ಲಿ ಮುಚ್ಚಳ ಬೇಕು. ಎಲ್ಲ ಗಣಕಗಳಿಗೂ ಅದೇ ಧರ್ಮ ಬಂದುಬಿಟ್ಟದ್ದು ನಮ್ಮ ತಕರಾರು.

ಇನ್ನು ಮುಚ್ಚಳ ತೆಗೆದವರ ಕಥೆ. ಅದಕ್ಕೆ ಇಂಗ್ಲೆಂಡಿನ ಕೇಂಬ್ರಿಜಿಗೆ ಹೋಗಬೇಕು. ಅಲ್ಲಿಯ ಏಕಾರ್ನ್ ಎಂಬ ಕಂಪನಿ ೧೯೮೧ರಲ್ಲಿ ಬಿಬಿಸಿಗಾಗಿ ಶಾಲಾಮಕ್ಕಳ ಗಣಕವೊಂದನ್ನು ಮಾಡಿತು. ಕಿಮ್-೧ರಲ್ಲಿದ್ದ ೬೫೦೨ ಚಿಪ್ಪೇ ಅದರಲ್ಲೂ ಇದ್ದದ್ದು. ಈ ಬಿಬಿಸಿ ಯಂತ್ರ ನಮ್ಮ ದೇಶಕ್ಕೂ ಬಂದಿತ್ತು. ೧೯೮೪-೮೫ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಸುಮಾರು ೨೫೦ ಶಾಲೆಗಳಿಗೆ ಇದನ್ನು ಕೊಟ್ಟಿತು. ಮಾಡುವ ವಿದ್ಯೆ ನಮ್ಮಲ್ಲಿದ್ದೂ ಶಾಲೆಗೆ ಬೇಕಾದಾಗ ಕೇಂಬ್ರಿಜಿನತ್ತ ನೋಡಬೇಕಾಯಿತು ಎಂಬುದನ್ನು ಗಮನಿಸಿ. ಇತ್ತ ೧೯೮೫ರಲ್ಲಿ ಅದೇ ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬ ವಿನ್ಯಾಸಕಾರರು ಆರ್ಮ್ ಎಂಬ ಹೊಸ ಚಿಪ್ಪನ್ನು ರೂಪಿಸಿದರು. ಇಂದು ನಮ್ಮೆಲ್ಲರ ಜೇಬಿನ ಫೋನುಗಳಲ್ಲಿರುವುದು ಅದರ ಸಂತತಿ.

ಇಪ್ಪತ್ತು ವರ್ಷ ಕಳೆಯಿತು. ೨೦೦೬ರ ಸುಮಾರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಕವಿಜ್ಞಾನ ಕಲಿಯಲು ಅರ್ಜಿ ಹಾಕುವ ಹುಡುಗರ ಸಂಖ್ಯೆ ಇಳಿಯುತ್ತಿದೆ, ಬರುವವರಿಗೂ ಮೊದಲಿನವರಷ್ಟು ತಿಳಿದಿಲ್ಲ ಎಂದು ಎಬೆನ್ ಅಪ್ಟನ್ ಎಂಬ ಅಧ್ಯಾಪಕರೂ ಅವರ ಗೆಳೆಯರೂ ಕಂಡುಕೊಂಡರು. ಕಾರಣ ಸರಳ. ಮೊದಲಿನವರು ಬಿಬಿಸಿ ಯಂತ್ರ, ಸ್ಪೆಕ್ಟ್ರಮ್‌ಗಳನ್ನು ಕೆದಕುತ್ತ ಬೆಳೆದವರು. ಈಗಿನವರ ಮನೆಯಲ್ಲಿ ಇರುವುದು ಅಪ್ಪನ ಬೆಲೆಬಾಳುವ ಪೆಟ್ಟಿಗೆ, ಮುಟ್ಟಿ ಕೆಡಿಸಿದರೆ ಬೈಗುಳ. ಕೆಟ್ಟರೂ ಎದೆ ಒಡೆಯದಷ್ಟು ಅಗ್ಗದ ಗಣಕ ಬೇಕೆಂದು ಅವರು ಹೊರಟರು. ೨೦೧೨ರ ಫೆಬ್ರವರಿ ೨೯ರಂದು ೩೫ ಡಾಲರಿನ ರಾಸ್ಪ್‌ಬೆರಿ ಪೈ ಹೊರಬಂತು. ಹತ್ತು ಸಾವಿರ ಮಾರಿದರೆ ಸಾಕು ಎಂದುಕೊಂಡಿದ್ದವರಿಗೆ ಮೊದಲ ದಿನವೇ ಒಂದು ಲಕ್ಷ ಬೇಡಿಕೆ! ಅದರ ಮೆದುಳು ಆರ್ಮ್ ವಂಶದ್ದು. ಹಣ್ಣಿನ ಹೆಸರಿಡುವುದು ಗಣಕ ಕಂಪನಿಗಳ ಹಳೆಯ ಚಾಳಿ. ಪೈ ಎಂಬುದು ಪೈಥಾನ್ ಎಂಬ ಗಣಕ ಭಾಷೆಯ ನೆನಪಿಗೆ. ೨೦೧೫ರಲ್ಲಿ ಐದೇ ಡಾಲರಿನ ಜೀರೊ ಎಂಬ ಹಲಗೆಯನ್ನು ಅವರದೇ ಮಾಸಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಉಚಿತವಾಗಿ ಕೊಟ್ಟರು. ನಮ್ಮ ಸಂಪಾದಕರು ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಅಂಥ ಬೇಡಿಕೆ ನಮ್ಮದಲ್ಲ.

ಮುಂದಿನದು ಅಷ್ಟು ಸಿಹಿಯಲ್ಲ. ಮಕ್ಕಳಿಗೆಂದು ಹುಟ್ಟಿದ ಈ ಹಲಗೆ ಕಾರ್ಖಾನೆಗಳಿಗೆ ಬಹಳ ಇಷ್ಟವಾಯಿತು. ೨೦೨೧ರಿಂದ ೨೦೨೩ರವರೆಗೆ ಚಿಪ್ಪುಗಳ ಬರ ಬಂದಾಗ ತಯಾರಕರು ಇದ್ದದ್ದನ್ನು ಮೊದಲು ಉದ್ಯಮಗಳಿಗೆ ಕೊಟ್ಟರು. ಮನೆಯಲ್ಲಿ ಆಡುವವರು ಕಾದರು, ಇಲ್ಲವೆ ದು‌ಪ್ಪಟ್ಟು ಬೆಲೆ ತೆತ್ತರು. ೨೦೨೪ರಲ್ಲಿ ಕಂಪನಿಯ ಷೇರುಗಳು ಲಂಡನ್ನಿನ ಪೇಟೆಗೂ ಬಂದವು.

ನಮ್ಮ ಕಡೆಯವರು ಕೈಕಟ್ಟಿ ಕೂತಿದ್ದರೇ? ಇಲ್ಲ. ಪೈ ಹುಟ್ಟುವುದಕ್ಕೆ ಹನ್ನೊಂದು ವರ್ಷ ಮೊದಲೇ, ೨೦೦೧ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ತೋರಿಸಿದ್ದರು. ಅದರ ಮೆದುಳೂ ಆರ್ಮ್ ವಂಶದ್ದೇ. ಅದರಲ್ಲಿ ನಡೆಯುತ್ತಿದ್ದದ್ದು ಇಂದು ಪೈಯಲ್ಲಿ ನಡೆಯುವ ಲಿನಕ್ಸೇ. ನಕ್ಷೆಯನ್ನೂ ಗುಟ್ಟಾಗಿಡದೆ ಪರವಾನಗಿಯ ಮೇಲೆ ಇತರರಿಗೆ ತೆರೆದಿಟ್ಟಿದ್ದರು. ಓದುಬರಹ ಬಾರದವರಿಗೂ ಉಪಯೋಗವಾಗಲೆಂದು ಕನ್ನಡ, ಹಿಂದಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನೂ ಬರೆದರು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಸುಮಾರು ಹತ್ತು ಸಾವಿರ ರೂಪಾಯಿಗೆ ಪೇಟೆಗೆ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತ ಬಂದಿತ್ತು. ಸಿಂಪ್ಯೂಟರನ್ನು ಸೋತ ಪ್ರಯೋಗ ಎಂದು ಬರೆಯುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಅದು ಬಡ ರೈತನಿಗೆ ಸಿದ್ಧ ಉಪಕರಣವಾಗಲು ಹೊರಟಿತು. ಪೈ ಕೆದಕುವ ಹುಡುಗನಿಗೆ ಅರ್ಧ ಕಟ್ಟಿದ ಸಾಮಾನಾಗಿ ಬಂತು. ಎರಡರ ಗಿರಾಕಿಗಳೇ ಬೇರೆ. ಈಚೆಗೆ ಮದರಾಸು ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗ ಎಂಬ ಸ್ವದೇಶಿ ಚಿಪ್ಪುಗಳು ಬಂದಿವೆ. ವೇಗ ಕುಟುಂಬದ ಚಿಪ್ಪು ಹೊತ್ತ ಏರೀಸ್ ಎಂಬ ಕಲಿಕೆಯ ಹಲಗೆಯೂ ಇದೆ.

ಇನ್ನು ನಮ್ಮ ಊಟದ ಮೇಜಿಗೆ ಮರಳೋಣ. ಹಲಗೆಯನ್ನು ಎಬ್ಬಿಸುವುದು ಕಷ್ಟವಲ್ಲ. ಬೆರಳುಗುರಿನಷ್ಟು ಮೆಮೊರಿ ಕಾರ್ಡಿಗೆ ಕಾರ್ಯವ್ಯವಸ್ಥೆಯನ್ನು ಬರೆದು ತೂರಿಸಬೇಕು, ಟೀವಿಗೆ ಒಂದು ತಂತಿ, ಕೀಲಿಮಣೆ, ಮೌಸು, ಐದು ವೋಲ್ಟಿನ ವಿದ್ಯುತ್ತು. ಅಲ್ಲಿ ನಾವೊಂದು ತಪ್ಪು ಮಾಡಿದೆವು. ಫೋನಿನ ಹಳೆಯ ಚಾರ್ಜರ್ ಇದೆಯಲ್ಲ, ಹೊಸದೇಕೆ ಎಂದು ಅದನ್ನೇ ಚುಚ್ಚಿದೆವು. ಪರದೆಯ ಮೂಲೆಯಲ್ಲಿ ಸಿಡಿಲಿನ ಗುರುತೊಂದು ಮಿನುಗುತ್ತಿತ್ತು. ಚಂದವಾಗಿದೆ ಎಂದು ಬಿಟ್ಟೆವು. ವಿದ್ಯುತ್ತು ಸಾಲದು ಎಂದು ಹಲಗೆ ಗೋಗರೆಯುತ್ತಿರುವ ಗುರುತದು ಎಂದು ತಿಳಿಯುವಷ್ಟರಲ್ಲಿ ಕಾರ್ಡಿನ ಬರಹ ಕೆಟ್ಟು, ಮಗಳ ಎರಡು ದಿನದ ಕೆಲಸ ಹೋಯಿತು. ಅವಳು ಅತ್ತಳು. ನಾವು ಕಲಬುರಗಿಯ ಕರೆಂಟಿನ ಕಥೆ ಹೇಳಿ ಸಮಾಧಾನ ಮಾಡಿದೆವು. ಸರಿಯಾದ ಚಾರ್ಜರ್ ತಂದ ಮೇಲೆ, ನಂದಿಸುವಾಗ ಸ್ವಿಚ್ಚು ತಟ್ಟದೆ ಕ್ರಮವಾಗಿ ಮಲಗಿಸಿದ ಮೇಲೆ, ಆ ತೊಂದರೆ ಮರುಕಳಿಸಿಲ್ಲ.

ಕೋಠಿಯ ಗುಜರಾತಿ ಗಲ್ಲಿಗೆ ಅವಳನ್ನು ಕರೆದೊಯ್ದು ಎಲ್‌ಇಡಿ ದೀಪ, ರೆಸಿಸ್ಟರು, ಬ್ರೆಡ್‌ಬೋರ್ಡು ಕೊಡಿಸಿದೆವು. ಹಲಗೆಯ ಅಂಚಿನಲ್ಲಿ ನಲವತ್ತು ಸೂಜಿಗಳ ಸಾಲಿದೆ. ಅವೇ ಹೊರಗಿನ ಪ್ರಪಂಚಕ್ಕೆ ಅದರ ಕೈಗಳು. ಅವು ತಾಳುವುದು ೩.೩ ವೋಲ್ಟು ಮಾತ್ರ, ಐದು ವೋಲ್ಟು ತಗುಲಿಸಿದರೆ ಹಲಗೆಗೇ ತಿಲತರ್ಪಣ. ಐದಾರು ಸಾಲಿನ ಪೈಥಾನ್ ಬರೆದು ದೀಪ ಮಿನುಗಿಸಿದಾಗ ಇಪ್ಪತ್ತೈದು ವರ್ಷದ ಹಿಂದಿನ ಆ ಕೆಂಪು ೦೮ ನಮ್ಮ ಕಣ್ಣ ಮುಂದೆ ಬಂತು.

ಕನ್ನಡದ ಗತಿ ಏನು? ನಾವು ಹಾಕಿದ ವ್ಯವಸ್ಥೆಯಲ್ಲಿ ಮೊದಲು ಕನ್ನಡದ ಪುಟ ತೆರೆದಾಗ ಕಂಡದ್ದು ಖಾಲಿ ಚೌಕಗಳ ಸಾಲು. ಮನೆ ಪಾಠದ ಹಲಗೆಯ ಮೇಲೆ ಅಕ್ಷರ ಬಾರದ ಮಗು ಬರೆದಂತೆ! ನವಿಲು, ಗುಬ್ಬಿ ಎಂಬ ಮುಕ್ತ ಅಕ್ಷರವಿನ್ಯಾಸಗಳನ್ನು ಸೇರಿಸಿದ ಮೇಲೆ ಚೌಕಗಳೆಲ್ಲ ಅಕ್ಷರಗಳಾದವು. ಟೈಪಿಸಲು ಕೀಲಿಮಣೆಯ ಪಟ್ಟಿಯಲ್ಲಿ ಕೆಜಿಪಿ ಎಂಬುದನ್ನು ಆರಿಸಬೇಕು. ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಅದರ ಮೂಲ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕ್ರಮ.

ನಮ್ಮ ಮಗಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಶಾಲೆಯಲ್ಲಿ ತೆಲುಗು ಓದುತ್ತಾಳೆ. ಕನ್ನಡ ಅಕ್ಷರ ಅವಳಿಗೆ ತಡವರಿಕೆ. ತಾಯಿಯವರಿಗೆ ಅಕ್ಷರ ಬರುತ್ತದೆ, ಕಣ್ಣು ಸಾಲದು. ಹೀಗಾಗಿ ಈ ಪತ್ರಿಕೆ ನಮ್ಮ ಮನೆಗೆ ಬಂದಾಗ ಓದಿ ಹೇಳುವ ಕೆಲಸ ನಮ್ಮ ಮೇಲೆ ಬೀಳುತ್ತದೆ, ನಮಗೋ ಪುರುಸೊತ್ತಿಲ್ಲ. ಹುಡುಗಿ ಇದಕ್ಕೊಂದು ಉಪಾಯ ಹೂಡಿದಳು. ಈ-ಸ್ಪೀಕ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಅದನ್ನು ಹಲಗೆಗೆ ಹಾಕಿ, ಟೀವಿಯ ಸ್ಪೀಕರಿನಿಂದ ಓದಿಸಿದಳು. ತಗಡಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದಂತೆ ಕೇಳಿಸಿತು. ತಾಯಿಯವರು ಎರಡು ನಿಮಿಷ ಕಿವಿಗೊಟ್ಟು, "ಇದು ಯಾವೂರ ಕನ್ನಡ ಅದನೋ?" ಎಂದರು. ಆದರೂ ಈಗ ಮಧ್ಯಾಹ್ನ ನಾವು ಕಚೇರಿಯಲ್ಲಿರುವಾಗ ಅದನ್ನೇ ಹಾಕಿಸಿಕೊಂಡು ಕೇಳುತ್ತಾರೆ. ಅದು ತಪ್ಪಾಗಿ ಉಚ್ಚರಿಸಿದ ಕಡೆಯಲ್ಲೆಲ್ಲ ಮೊಮ್ಮಗಳನ್ನು ಕರೆದು, ಸರಿಯಾದ್ದು ಹೀಗೆ ಎಂದು ಹೇಳಿ ಬರೆಸುತ್ತಾರೆ. ಆ ನೆವದಲ್ಲಿ ಹುಡುಗಿಗೆ ಒತ್ತಕ್ಷರಗಳು ಬರತೊಡಗಿವೆ.

ಇಸಿಐಎಲ್‌ನ ಗಣಕ ವಿಭಾಗದಲ್ಲೋ ಟೀವಿ ವಿಭಾಗದಲ್ಲೋ ದುಡಿದು ನಿವೃತ್ತರಾದವರು ನಮ್ಮ ಸಂಘದ ಸದಸ್ಯರಲ್ಲಿ ಇದ್ದರೆ ಅವರನ್ನು ಕಂಡು ಮಾತಾಡಬೇಕೆಂಬ ಆಸೆ ನಮಗಿದೆ. ಟಿಡಿಸಿಯ ಒಂದು ಹಲಗೆಯಾಗಲಿ, ಸೈಟ್ ಕಾಲದ ಟೀವಿಯಾಗಲಿ, ಹಳೆಯ ಫೋಟೋ ಆಗಲಿ ಅವರ ಅಟ್ಟದ ಮೇಲೆ ಉಳಿದಿದ್ದರೆ ರದ್ದಿಯವನಿಗೆ ಕೊಡುವ ಮೊದಲು ಸಂಪಾದಕರಿಗೆ ಒಂದು ಕಾಗದ ಬರೆಯಲಿ. ನಾವು ಮಗಳನ್ನೂ ಕರೆದುಕೊಂಡು ಅವರ ಮನೆಗೇ ಬರುತ್ತೇವೆ.